ನಿಲ್ಲಲು ಬಾರದ ಸೋಮಾರಿ

ಪಿಯುಸಿಯ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನ ಮೂರು ಪ್ರನಾಳಗಳಿಗೆ ತಲಾ ಒಂದಿಷ್ಟು ಹೆಕ್ಸೇನ್ ಸುರಿದುಕೊಂಡೆವು. ಒಂದಕ್ಕೆ ಬ್ರೋಮಿನ್ ನೀರು, ಇನ್ನೊಂದಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್, ಮೂರನೆಯದಕ್ಕೆ ಸಲ್ಫ್ಯೂರಿಕ್ ಆಮ್ಲ. ಕುಲುಕಿದೆವು, ಕಾದೆವು. ಬ್ರೋಮಿನ್ನಿನ ಕಿತ್ತಳೆ ಬಣ್ಣ ನೀರನ್ನು ಬಿಟ್ಟು ಮೇಲಿನ ಹೆಕ್ಸೇನ್ ಪದರಕ್ಕೆ ಹತ್ತಿ ಕೂತಿತು, ಅಷ್ಟೇ; ಮಾಸಲಿಲ್ಲ. ಪರ್ಮಾಂಗನೇಟಿನ ನೇರಳೆ ನೇರಳೆಯಾಗಿಯೇ ಉಳಿಯಿತು. ಆಮ್ಲ ತಳದಲ್ಲಿ, ಹೆಕ್ಸೇನ್ ಮೇಲೆ, ಪಾಲಾದ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ. ರೆಕಾರ್ಡ್ ಪುಸ್ತಕದಲ್ಲಿ ಮೂರು ಸಲ ‘ಕ್ರಿಯೆ ಇಲ್ಲ’ ಎಂದು ಬರೆದು ಅಡಿಗೆರೆ ಎಳೆದೆ.

ಮೇಷ್ಟ್ರು ಪುಸ್ತಕ ನೋಡಿದರು, ಏನೂ ಹೇಳಲಿಲ್ಲ. ಎರಡು ಒಣ ಪ್ರನಾಳಗಳಲ್ಲಿ ಹೆಕ್ಸೇನಿಗೆ ಎರಡೆರಡು ಹನಿ ಬ್ರೋಮಿನ್ ಬೆರೆಸಿ, ಒಂದನ್ನು ಬೀರುವಿನ ಒಳಗಿಟ್ಟು ಬಾಗಿಲು ಹಾಕಿದರು. ಇನ್ನೊಂದನ್ನು ಕಿಟಕಿಯ ಕಟ್ಟೆಯ ಮೇಲೆ, ಬಿಸಿಲು ನೇರ ಬೀಳುವಲ್ಲಿ ನಿಲ್ಲಿಸಿದರು. ನಾವು ಗಾಜಿನ ಸಾಮಾನು ತೊಳೆದು ಬರುವಷ್ಟರಲ್ಲಿ ಕಿಟಕಿಯ ಕಿತ್ತಳೆ ಹಳದಿಗಿಳಿದಿತ್ತು; ಇನ್ನೊಂದು ಸ್ವಲ್ಪ ಹೊತ್ತಿಗೆ ಬಣ್ಣವೇ ಇಲ್ಲ. ಪ್ರನಾಳದ ಬಾಯಿಗೆ ಒದ್ದೆ ಮಾಡಿದ ನೀಲಿ ಲಿಟ್ಮಸ್ ಹಿಡಿದರೆ ಕೆಂಪಾಯಿತು: ಹೈಡ್ರೋಜನ್ ಬ್ರೋಮೈಡ್ ಹೊರಬರುತ್ತಿತ್ತು. ಬೀರುವಿನದು ಹಾಗೇ ಕಿತ್ತಳೆಯಾಗಿತ್ತು. ಆಮೇಲೆ ನನ್ನ ಮೊದಲನೆಯ ‘ಕ್ರಿಯೆ ಇಲ್ಲ’ದ ಹಿಂದೆ ಕೆಂಪು ಶಾಯಿಯಲ್ಲಿ ಒಂದೇ ಪದ ಸೇರಿಸಿದರು: ‘ಕತ್ತಲಲ್ಲಿ’.

ಇಂಗಾಲ ಮತ್ತು ಹೈಡ್ರೋಜನ್ ಬಿಟ್ಟು ಬೇರೇನೂ ಇಲ್ಲದ, ಒಂಟಿ ಬಂಧಗಳಷ್ಟೇ ಇರುವ ಅಣುಗಳ ಮನೆತನ ಆಲ್ಕೇನ್. ಇಂಗಾಲ ಒಂದಾದರೆ ಮೀಥೇನ್, ಎರಡಾದರೆ ಈಥೇನ್, ಆಮೇಲೆ ಪ್ರೊಪೇನ್, ಬ್ಯೂಟೇನ್. ಹಾಗೇ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ದಾಟಿ ಮೇಣದಬತ್ತಿಯ ತನಕ. ಇಂಗಾಲದ ಲೆಕ್ಕವನ್ನು ಇಮ್ಮಡಿ ಮಾಡಿ ಎರಡು ಸೇರಿಸಿದರೆ ಹೈಡ್ರೋಜನ್ನಿನ ಲೆಕ್ಕ. ಪಠ್ಯಪುಸ್ತಕಗಳು ಈ ಮನೆತನವನ್ನು ಪರಿಚಯಿಸುವುದೇ ‘ಕ್ರಿಯಾಪಟುತ್ವ ಕಡಿಮೆ’ ಎಂಬ ಷರಾ ಬರೆದು. ಹಳೆಯ ಹೆಸರಾದ ಪ್ಯಾರಾಫಿನ್ ಕೂಡ ಅದನ್ನೇ ಹೇಳುತ್ತದೆ. 1830ರಲ್ಲಿ ಕಾರ್ಲ್ ಫಾನ್ ರೈಖೆನ್‌ಬಾಖ್ ಬೀಚ್ ಮರದ ಟಾರಿನಿಂದ ಮೇಣದಂಥ ಒಂದು ವಸ್ತು ತೆಗೆದರು. ಅದು ಯಾವುದಕ್ಕೂ ಜಗ್ಗದ್ದನ್ನು ಕಂಡು, ‘ನಂಟು ಕಡಿಮೆ’ ಎಂಬ ಅರ್ಥ ಬರುವಂತೆ ಎರಡು ಲ್ಯಾಟಿನ್ ಪದಗಳನ್ನು ಹೊಸೆದು ಈ ಹೆಸರಿಟ್ಟರು. ಇನ್ನೂರು ವರ್ಷವಾಗುತ್ತ ಬಂತು, ಅಪವಾದ ಬಿಟ್ಟುಹೋಗಿಲ್ಲ.

ನನ್ನ ತಕರಾರು ಇಷ್ಟೇ. ಆಲ್ಕೇನನ್ನು ಎಬ್ಬಿಸುವುದು ಕಷ್ಟ, ಒಪ್ಪಿದೆ. ಆದರೆ ಎದ್ದ ಮೇಲೆ ಅದನ್ನು ನಡುದಾರಿಯಲ್ಲಿ ನಿಲ್ಲಿಸುವುದು ಅದಕ್ಕಿಂತ ಎಷ್ಟೋ ಕಷ್ಟ. ಅಡುಗೆಮನೆಯ ಅನಾಹುತದಿಂದ ತೈಲಬಾವಿಯ ನೆತ್ತಿಯ ಬೆಂಕಿಯವರೆಗೆ ನಮ್ಮನ್ನು ಸತಾಯಿಸಿರುವುದು ಈ ಎರಡನೆಯ ಗುಣ. ಪಾಠದಲ್ಲಿ ಒತ್ತು ಬೀಳುವುದು ಮಾತ್ರ ಮೊದಲನೆಯದಕ್ಕೆ.

ಏಳುವುದು ಯಾಕೆ ಕಷ್ಟ ಎಂದು ಮೊದಲು ನೋಡೋಣ. ರಾಸಾಯನಿಕ ಕ್ರಿಯೆಗಳಲ್ಲಿ ಬಹುಪಾಲು ಒಂದು ಅಣುವಿನ ಧನ ಭಾಗ ಇನ್ನೊಂದರ ಋಣ ಭಾಗವನ್ನು ಹುಡುಕಿಕೊಂಡು ಹೋಗುವುದರಿಂದ ನಡೆಯುತ್ತವೆ. ಎಲೆಕ್ಟ್ರಾನನ್ನು ಎಳೆದುಕೊಳ್ಳುವ ಶಕ್ತಿಯನ್ನು ಅಳೆಯುವ ಪಾಲಿಂಗ್ ಮಾಪಕದಲ್ಲಿ ಇಂಗಾಲಕ್ಕೆ 2.55, ಹೈಡ್ರೋಜನ್ನಿಗೆ 2.20. ಎರಡೂ ಹೆಚ್ಚುಕಡಿಮೆ ಸಮಬಲ. ಹೀಗಾಗಿ ಆಲ್ಕೇನ್ ಅಣುವಿನಲ್ಲಿ ಧನವೂ ಇಲ್ಲ, ಋಣವೂ ಇಲ್ಲ ಎನ್ನುವಷ್ಟು ಸಪಾಟು. ಆಮ್ಲವಾಗಲಿ ಕ್ಷಾರವಾಗಲಿ ಬಂದರೆ ಹಿಡಿಯಲು ಏನೂ ಸಿಗದು. ಕಂಠವಿಲ್ಲದ ಬಿಂದಿಗೆಯನ್ನು ಒದ್ದೆ ಕೈಯಲ್ಲಿ ಎತ್ತಲು ಹೋದ ಹಾಗೆ. ಮೇಲಾಗಿ ಬಂಧಗಳು ಗಟ್ಟಿ. ಮೀಥೇನಿನ ಒಂದು ಹೈಡ್ರೋಜನ್ನನ್ನು ಕೀಳಲು ಮೋಲಿಗೆ ಸುಮಾರು 439 ಕಿಲೊಜೂಲ್ ಬೇಕು.

ಇಲ್ಲಿಯವರೆಗೆ ಪಠ್ಯಪುಸ್ತಕ ಸರಿ. ಎಡವುವುದು ಇದರಿಂದ ‘ಸ್ಥಿರ’ ಎಂಬ ತೀರ್ಮಾನಕ್ಕೆ ಹಾರುವಾಗ. ಗಾಳಿಯ ನಡುವೆ ಇರುವ ಮೀಥೇನ್ ಶಕ್ತಿಯ ಲೆಕ್ಕದಲ್ಲಿ ಸ್ಥಿರವೇ ಅಲ್ಲ. ಅದು ಆಮ್ಲಜನಕದೊಡನೆ ಸೇರಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾದರೆ ಮೋಲಿಗೆ 890 ಕಿಲೊಜೂಲ್ ಹೊರಬೀಳುತ್ತದೆ. ಇಳಿಜಾರು ಅಷ್ಟು ಕಡಿದು. ಆದರೂ ಸುಮ್ಮನಿರುವುದು ನಡುವೆ ಒಂದು ಒಡ್ಡು ಇರುವುದರಿಂದ. ಕೆರೆ ತುಂಬಿ ಏರಿಯ ಮೇಲಂಚಿಗೆ ಬಂದಿದೆ. ಏರಿ ಗಟ್ಟಿಯಿದೆ ಎಂದ ಮಾತ್ರಕ್ಕೆ ಆ ನೀರನ್ನು ಸೋಮಾರಿ ಎನ್ನುತ್ತೇವೆಯೇ?

ಏರಿ ಒಡೆಯುವುದು ಹೇಗೆಂದು ಕಿಟಕಿಯ ಕಟ್ಟೆಯ ಪ್ರಯೋಗ ತೋರಿಸುತ್ತದೆ. ಬ್ರೋಮಿನ್ನಿಗಿಂತ ಕ್ಲೋರಿನ್ ಕಥೆ ಹೆಚ್ಚು ಬಿರುಸು, ಅದನ್ನೇ ನೋಡೋಣ. ಮೀಥೇನ್ ಮತ್ತು ಕ್ಲೋರಿನ್ ಬೆರೆಸಿ ಕತ್ತಲಲ್ಲಿಟ್ಟರೆ ಎಷ್ಟು ದಿನವಾದರೂ ಇರುತ್ತವೆ. ಬೆಳಕು ಬಿದ್ದಾಗ ಏಟು ತಿನ್ನುವುದು ಮೀಥೇನ್ ಅಲ್ಲ, ಕ್ಲೋರಿನ್. ಅದರ ಬಂಧ ಮೀಥೇನಿನದಕ್ಕಿಂತ ಎಷ್ಟೋ ದುರ್ಬಲ, ಸುಮಾರು 242 ಕಿಲೊಜೂಲ್. ಅಣು ಎರಡು ಹೋಳಾಗಿ ಒಂದೊಂದು ಹೋಳಿನಲ್ಲೂ ಜೊತೆಯಿಲ್ಲದ ಒಂದು ಎಲೆಕ್ಟ್ರಾನ್ ಉಳಿಯುತ್ತದೆ. ಫ್ರೀ ರ‍್ಯಾಡಿಕಲ್ ಎಂದರೆ ಇದೇ. ಇದಕ್ಕೆ ಧನ ಋಣಗಳ ಹಂಗಿಲ್ಲ. ಸಿಕ್ಕ ಮೀಥೇನಿನಿಂದ ಒಂದು ಹೈಡ್ರೋಜನ್ ಕಿತ್ತುಕೊಂಡು ತಾನು ಹೈಡ್ರೋಜನ್ ಕ್ಲೋರೈಡ್ ಆಗಿ ಸಮಾಧಾನ ಹೊಂದುತ್ತದೆ. ಈಗ ಒಂಟಿಯಾದದ್ದು ಮೀಥೈಲ್. ಅದು ಹೋಗಿ ಇನ್ನೊಂದು ಕ್ಲೋರಿನ್ ಅಣುವನ್ನು ಸೀಳಿ ಅರ್ಧವನ್ನು ತನಗೆ ಅಂಟಿಸಿಕೊಳ್ಳುತ್ತದೆ. ಉಳಿದರ್ಧ ಮತ್ತೆ ಒಂಟಿ, ಮತ್ತೆ ಬೇಟೆಗೆ. ಹೀಗೆ ಬೆಳಕಿನ ಒಂದು ಕಣ ಹಚ್ಚಿದ ಜಗಳ ಸಾವಿರಾರು ಅಣುಗಳಿಗೆ ಹಬ್ಬುತ್ತದೆ. ಇಬ್ಬರು ಒಂಟಿಗಳು ಎದುರುಬದುರಾಗಿ ಜೊತೆಯಾದರೆ ಮಾತ್ರ ಆ ಸರಪಳಿ ಕಡಿಯುತ್ತದೆ.

ಒಂದು ಹೈಡ್ರೋಜನ್ನಿನ ಜಾಗಕ್ಕೆ ಒಂದು ಕ್ಲೋರಿನ್ ಬಂದು ಮೀಥೈಲ್ ಕ್ಲೋರೈಡ್ ಆದರೆ ಸಾಕು ಎಂದು ನಾವು ಬಯಸುತ್ತೇವೆ. ಅದು ಅಲ್ಲಿಗೆ ನಿಲ್ಲುವುದಿಲ್ಲ. ಎರಡನೆಯ ಹೈಡ್ರೋಜನ್ ಹೋಗಿ ಡೈಕ್ಲೋರೋಮೀಥೇನ್, ಮೂರನೆಯದೂ ಹೋಗಿ ಕ್ಲೋರೋಫಾರ್ಮ್, ನಾಲ್ಕೂ ಹೋಗಿ ಕಾರ್ಬನ್ ಟೆಟ್ರಾಕ್ಲೋರೈಡ್. ಪಾತ್ರೆಯಲ್ಲಿ ಸಿಗುವುದು ನಾಲ್ಕರ ಕಲಸುಮೇಲೋಗರ. ಕಾರ್ಖಾನೆಗಳು ಮೀಥೇನನ್ನು ಬೇಕೆಂದೇ ವಿಪರೀತ ಹೆಚ್ಚಿಗೆ ಸುರಿದು ಕ್ಲೋರಿನ್ನಿಗೆ ಮೊದಲ ಹಂತದ ಬೇಟೆಯೇ ಸಾಕಷ್ಟು ಸಿಗುವಂತೆ ನೋಡಿಕೊಳ್ಳುತ್ತವೆ, ಆಮೇಲೆ ಉಳಿದದ್ದನ್ನು ಬಟ್ಟಿ ಇಳಿಸಿ ಬೇರ್ಪಡಿಸುತ್ತವೆ. ಇದು ಜಾಣತನವೇ, ಆದರೆ ಹಿಡಿತವಲ್ಲ.

ಬ್ರೋಮಿನ್ ಈ ವಿಷಯದಲ್ಲಿ ಸ್ವಲ್ಪ ಮರ್ಯಾದಸ್ಥ. ಅದಕ್ಕೆ ಆವೇಶ ಕಡಿಮೆ, ಆದ್ದರಿಂದಲೇ ಆಯ್ಕೆ ಹೆಚ್ಚು. ಇಂಗಾಲದ ಸರಪಳಿಯ ತುದಿಯಲ್ಲಿರುವ ಹೈಡ್ರೋಜನ್ನಿಗಿಂತ, ಮೂರು ಇಂಗಾಲಗಳು ಕೂಡುವ ಕವಲಿನಲ್ಲಿರುವುದನ್ನು ಅದು ಸುಮಾರು 1600 ಪಟ್ಟು ಹೆಚ್ಚು ಇಷ್ಟಪಡುತ್ತದೆ. ಕ್ಲೋರಿನ್ನಿಗೆ ಈ ಅಂತರ ಐದು ಪಟ್ಟಿನಷ್ಟು ಮಾತ್ರ. ಫ್ಲೋರಿನ್ ವಿಚಾರ ಬೇಡವೇ ಬೇಡ, ಅದು ಸಿಡಿಯುತ್ತದೆ. ‘ಆಲ್ಕೇನಿನ ಕ್ರಿಯಾಪಟುತ್ವ’ ಎಂಬ ಒಂಟಿ ಮಾತಿಗೆ ಹೀಗಾಗಿ ಅರ್ಥ ಕಡಿಮೆ. ಎದುರಿಗೆ ಯಾರು ಬಂದಿದ್ದಾರೆ ಎಂದೂ ಹೇಳಬೇಕು.

ಮನೆಯೊಳಗೆ ಬರೋಣ. 14.2 ಕಿಲೊದ ಸಿಲಿಂಡರನ್ನು ಅಲುಗಿಸಿದರೆ ಒಳಗೆ ತುಳುಕುವ ಸದ್ದು ಕೇಳುತ್ತದಲ್ಲ, ಅದು ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತ ದ್ರವ. ಪ್ರೊಪೇನಿನ ಕುದಿಬಿಂದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಬ್ಯೂಟೇನಿನದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ನಮ್ಮ ಊರಿನ ಹವೆಯಲ್ಲಿ ಎರಡೂ ಅನಿಲವಾಗಿಯೇ ಇರಬೇಕಾದವು, ಒತ್ತಡ ಹಾಕಿ ದ್ರವವಾಗಿ ಕೂರಿಸಿದ್ದೇವೆ. ಮದುವೆಮನೆಯಲ್ಲಿ ದೊಡ್ಡ ಒಲೆ ಗಂಟೆಗಟ್ಟಲೆ ಉರಿದಾಗ ಸಿಲಿಂಡರಿನ ಕೆಳಭಾಗ ಬೆವರಿ, ಕೆಲವೊಮ್ಮೆ ಮಂಜು ಕಟ್ಟುತ್ತದೆ. ಒಳಗಿನ ದ್ರವ ಆವಿಯಾಗಲು ಬೇಕಾದ ಶಾಖವನ್ನು ಕಬ್ಬಿಣದ ಮೈಯಿಂದಲೇ ಹೀರಿಕೊಳ್ಳುವುದರಿಂದ ಹಾಗೆ. ಹಿಂದೆಯೇ ‘ಗ್ಯಾಸ್ ಖಾಲಿಯಾಯ್ತು’ ಎಂದು ಅಡಿಗೆ ಭಟ್ಟರು ಕೂಗುತ್ತಾರೆ. ಖಾಲಿಯಾಗಿರುವುದಿಲ್ಲ, ಚಳಿ ಹಿಡಿದಿರುತ್ತದೆ.

ಇನ್ನೊಂದು ಗುಣ ಜೀವಕ್ಕೆ ಸಂಬಂಧಿಸಿದ್ದು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಸೋರಿದ ಅನಿಲ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ನೆಲ ಹಿಡಿದು, ನೀರಿನಂತೆ ತಗ್ಗಿಗೆ ಹರಿದು, ಒಲೆಯ ಕಟ್ಟೆಯ ಕೆಳಗೆ, ಚರಂಡಿಯ ಬಾಯಲ್ಲಿ ನಿಲ್ಲುತ್ತದೆ. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಮಗುಚಿದಾಗ ಬೆಂಕಿ ರಸ್ತೆ ಬದಿಯ ಮನೆಗಳಿಗೂ ಹಬ್ಬಿ ಹಲವರು ಜೀವ ಕಳೆದುಕೊಂಡರು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಈ ಅನಿಲ ಸೇರಿದರೆ ಸಾಕು, ಹೊತ್ತಿಕೊಳ್ಳಲು ಸಿದ್ಧ. ಹೊತ್ತಿಸಲು ಬೇಕಾದ ಕಿಡಿಯ ಶಕ್ತಿ ಒಂದು ಮಿಲಿಜೂಲಿನ ಕಾಲು ಭಾಗದಷ್ಟು, ಫ್ರಿಜ್ಜಿನ ಸ್ವಿಚ್ಚು ಟಕ್ ಎಂದಾಗ ಹಾರುವ ಕಿಡಿಯಲ್ಲಿ ಅದಕ್ಕಿಂತ ಹೆಚ್ಚಿರಬಹುದು. ಮೂರು ಪ್ರನಾಳಗಳಲ್ಲಿ ಮಿಸುಕಾಡದ ಹೆಕ್ಸೇನಿನ ದಾಯಾದಿಗಳೇ ಇವು.

ಆಲ್ಕೇನುಗಳಿಗೆ ವಾಸನೆಯೂ ಇಲ್ಲವೆಂಬಷ್ಟು ಕಡಿಮೆ. ನಮ್ಮ ಮೂಗಿಗೆ ತಟ್ಟುವ ಆ ಕೊಳೆತ ನಾತ ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ನಿನದು. ಅದರ ಹಿಂದೆ ಒಂದು ಶೋಕದ ಕಥೆಯಿದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ನೆಲದಡಿ ಸೋರಿ ತುಂಬಿದ್ದ ನೈಸರ್ಗಿಕ ಅನಿಲಕ್ಕೆ, ಕಾರ್ಯಾಗಾರದ ಒಂದು ವಿದ್ಯುತ್ ಯಂತ್ರದ ಕಿಡಿ ತಗುಲಿತು. ಸತ್ತವರು ಮುನ್ನೂರರ ಹತ್ತಿರ, ಬಹುಪಾಲು ಮಕ್ಕಳು. ವಾಸನೆ ಬೆರೆಸುವ ಕಾನೂನು ಬಂದದ್ದು ಅದಾದ ಮೇಲೆ. ಆಲ್ಕೇನ್ ತಾನಾಗಿ ಸುಳಿವು ಕೊಡುವುದಿಲ್ಲ ಎಂಬುದನ್ನು ಕಲಿಯಲು ತೆತ್ತ ಬೆಲೆ ಅದು.

ಇಷ್ಟೊತ್ತೂ ‘ನಿಲ್ಲುವುದಿಲ್ಲ’ ಎಂದು ದೂರಿದೆ. ನಿಂತರೂ ಎಲ್ಲಿ ನಿಲ್ಲುತ್ತದೆ ನೋಡಿ. ಬಾಗಿಲು ಭದ್ರವಾಗಿ ಹಾಕಿದ ಸಣ್ಣ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಆಮ್ಲಜನಕ ಸಾಲದೆ ಉರಿ ಅರೆಬರೆಯಾಗುತ್ತದೆ. ಇಂಗಾಲ ಕಾರ್ಬನ್ ಮೊನಾಕ್ಸೈಡ್‌ನಲ್ಲೇ ಉಳಿದುಬಿಡುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಹೊರಬರಲೇ ಇಲ್ಲ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ನಡುದಾರಿಯಲ್ಲಿ ನಿಲ್ಲಬೇಕು, ಆದರೆ ನಮಗೆ ಬೇಕಾದ ತಂಗುದಾಣದಲ್ಲಿ.

ರ‍್ಯಾಡಿಕಲ್‌ಗಳ ಈ ಸರಪಳಿಯನ್ನು ಕಡಿಯಲು ಮನುಷ್ಯ ಹೂಡಿದ ಒಂದು ದೊಡ್ಡ ಪ್ರಯತ್ನ ಪೆಟ್ರೋಲಿನಲ್ಲಿ ನಡೆಯಿತು, ಮತ್ತು ಅದು ಕೆಟ್ಟ ಕಥೆ. ನೇರ ಸರಪಳಿಯ ಹೆಪ್ಟೇನ್ ಎಂಜಿನ್ನಿನಲ್ಲಿ ಹೊತ್ತಿಗೆ ಮುಂಚೆ ತಾನೇ ಹೊತ್ತಿ ಗಡಗಡ ಬಡಿಯುತ್ತದೆ. ಅದಕ್ಕೆ ಆಕ್ಟೇನ್ ಅಂಕ ಸೊನ್ನೆ. ಕವಲು ಕವಲಾದ ಐಸೊಆಕ್ಟೇನ್ ಕಿಡಿಗಾಗಿ ಕಾಯುತ್ತದೆ, ಅದಕ್ಕೆ ನೂರು. ಅವೇ ಪರಮಾಣುಗಳನ್ನು ಬೇರೆ ರೀತಿ ಜೋಡಿಸಿದರೂ ಶಿಸ್ತು ಬೇರೆಯಾಗುತ್ತದೆ, ಮತ್ತು ಜೋಡಣೆಗಳಿಗೆ ಬರವಿಲ್ಲ: ಹತ್ತು ಇಂಗಾಲದ ಆಲ್ಕೇನನ್ನು 75 ಬಗೆಯಲ್ಲಿ ಕಟ್ಟಬಹುದು, ಇಪ್ಪತ್ತರದನ್ನು 3,66,319 ಬಗೆಯಲ್ಲಿ. ಕವಲು ಆಲ್ಕೇನುಗಳನ್ನು ತಯಾರಿಸುವ ಶ್ರಮ ತೆಗೆದುಕೊಳ್ಳುವ ಬದಲು 1921ರಲ್ಲಿ ಥಾಮಸ್ ಮಿಜ್ಲಿ ಅಗ್ಗದ ದಾರಿ ಕಂಡುಕೊಂಡರು: ಟೆಟ್ರಾಈಥೈಲ್ ಸೀಸ. ಸೀಸದ ಆಕ್ಸೈಡಿನ ಕಣಗಳು ರ‍್ಯಾಡಿಕಲ್‌ಗಳನ್ನು ಹಿಡಿದು ಸರಪಳಿಯನ್ನು ಕಡಿಯುತ್ತಿದ್ದವು. ಎಂಜಿನ್ ತಣ್ಣಗಾಯಿತು, ಸೀಸ ಮಕ್ಕಳ ರಕ್ತಕ್ಕೆ ಹೋಯಿತು. ಭಾರತದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ; ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯದಲ್ಲಿ, 2021ರಲ್ಲಿ. ನಿಲ್ಲಿಸುವ ಕಲೆ ಬಾರದಿದ್ದರೆ ಎಂಥ ಕುರುಡು ಉಪಾಯಕ್ಕೆ ಇಳಿಯುತ್ತೇವೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ಒಗಟು ಮೀಥೇನಿನದು. ಅದಕ್ಕೆ ಒಂದೇ ಒಂದು ಆಮ್ಲಜನಕ ಪರಮಾಣು ಸೇರಿಸಿ ಮೆಥನಾಲ್ ಮಾಡಲು ಬಂದರೆ ಅನಿಲ ದ್ರವವಾಗುತ್ತದೆ, ಡಬ್ಬಿಯಲ್ಲಿ ತುಂಬಬಹುದು, ಲಾರಿಯಲ್ಲಿ ಸಾಗಿಸಬಹುದು. ಕಾಗದದ ಮೇಲೆ ಅರ್ಧ ಸಾಲಿನ ಸಮೀಕರಣ. ಆದರೆ ಮೆಥನಾಲಿನ ಇಂಗಾಲ–ಹೈಡ್ರೋಜನ್ ಬಂಧ ಸುಮಾರು 402 ಕಿಲೊಜೂಲ್, ಮೀಥೇನಿನದಕ್ಕಿಂತ ದುರ್ಬಲ. ಮೀಥೇನಿನ ಬೀಗ ಒಡೆಯುವಷ್ಟು ಬಲವಿರುವ ಯಾವುದೇ ವಸ್ತು ಅದೇ ಉಸಿರಿನಲ್ಲಿ ಮೆಥನಾಲಿನದನ್ನೂ ಒಡೆದು, ಕಾರ್ಬನ್ ಡೈಆಕ್ಸೈಡ್ ತನಕ ಓಡಿಬಿಡುತ್ತದೆ. ಮಗುವನ್ನು ಎಬ್ಬಿಸಲು ಡೋಲು ಬಾರಿಸಿ, ಆಮೇಲೆ ಮೆತ್ತಗೆ ಆಡು ಎಂದರೆ ಆದೀತೇ?

ಹಾಗಾಗಿ ಕಾರ್ಖಾನೆಗಳು ಸುತ್ತುದಾರಿ ಹಿಡಿದಿವೆ. ನಿಕ್ಕಲ್ ಕ್ರಿಯಾವರ್ಧಕದ ಮೇಲೆ, 800 ಡಿಗ್ರಿ ದಾಟಿದ ಶಾಖದಲ್ಲಿ, ಮೀಥೇನನ್ನು ಹಬೆಯೊಡನೆ ಹಾಯಿಸಿ ನಾಲ್ಕೂ ಬಂಧ ಮುರಿದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಮಾಡುತ್ತವೆ. ಆಮೇಲೆ ತಾಮ್ರ–ಸತುವಿನ ಕ್ರಿಯಾವರ್ಧಕದ ಮೇಲೆ ಭಾರಿ ಒತ್ತಡದಲ್ಲಿ ಮತ್ತೆ ಕೂಡಿಸಿ ಮೆಥನಾಲ್ ತೆಗೆಯುತ್ತವೆ. ಒಂದು ಕಿಟಕಿ ಇಡಲು ಇಡೀ ಮನೆ ಕೆಡವಿ ಕಟ್ಟಿದ ಹಾಗೆ. ಇಂಥ ಸ್ಥಾವರ ದೊಡ್ಡದಾದರೆ ಮಾತ್ರ ಗಿಟ್ಟುತ್ತದೆ. ಮರುಭೂಮಿಯ ಸಣ್ಣ ತೈಲಬಾವಿಯಲ್ಲಿ ಎಣ್ಣೆಯ ಜೊತೆ ಬರುವ ಮೀಥೇನನ್ನು ಒಯ್ಯಲು ಕೊಳವೆಯಿಲ್ಲ, ದ್ರವ ಮಾಡಲು ಬಂಡವಾಳವಿಲ್ಲ, ಅಲ್ಲೇ ಸುಟ್ಟುಬಿಡುತ್ತಾರೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2023ರಲ್ಲಿ ಹೀಗೆ ಸುಟ್ಟದ್ದು ಸುಮಾರು 148 ಬಿಲಿಯನ್ ಘನ ಮೀಟರ್, ಭಾರತ ಆ ವರ್ಷ ಬಳಸಿದ ನೈಸರ್ಗಿಕ ಅನಿಲದ ಎರಡು ಪಟ್ಟಿಗಿಂತ ಹೆಚ್ಚು. ಇದಕ್ಕೆ ಕಂಪನಿಗಳ ಲೋಭವೂ ಸರಕಾರಗಳ ಉದಾಸೀನವೂ ಕಾರಣ, ನಿಜ. ಆದರೆ ಆ ಉರಿಯ ಬುಡದಲ್ಲಿ 439 ಮತ್ತು 402ರ ನಡುವಿನ ಅಂತರವೂ ಇದೆ.

ಮನುಷ್ಯನಿಗೆ ಕಷ್ಟವಾದದ್ದನ್ನು ಭತ್ತದ ಗದ್ದೆಯ ಕೆಸರಿನ ಬ್ಯಾಕ್ಟೀರಿಯಾಗಳು ದಿನವೂ ಮಾಡುತ್ತವೆ. ನಾಟಿ ಗದ್ದೆಗೆ ಕಾಲಿಟ್ಟಾಗ ಗುಳುಗುಳು ಗುಳ್ಳೆ ಏಳುತ್ತದಲ್ಲ, ಅದರಲ್ಲಿ ಮೀಥೇನ್ ಇರುತ್ತದೆ. 1776ರಲ್ಲಿ ಇಟಲಿಯ ಮಜ್ಜೋರೆ ಸರೋವರದ ಅಂಚಿನ ಕೆಸರು ಕಲಕಿ ವೋಲ್ಟಾ ಹಿಡಿದ ಅನಿಲವೂ ಇದೇ. ಬೇರಿನ ಸುತ್ತ ಆಮ್ಲಜನಕ ಒಸರುವ ಕಡೆ ಮೀಥೇನನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳಿವೆ. ಕಬ್ಬಿಣ ಅಥವಾ ತಾಮ್ರವನ್ನು ಒಡಲಲ್ಲಿಟ್ಟುಕೊಂಡ ಮೀಥೇನ್ ಮೊನೊಆಕ್ಸಿಜಿನೇಸ್ ಎಂಬ ಕಿಣ್ವದಿಂದ, ಗದ್ದೆಯ ತಂಪಿನಲ್ಲೇ, ಅವು ಮೆಥನಾಲ್ ಮಾಡುತ್ತವೆ. ಆ ಕಿಣ್ವದ ಬಲ ಅದ್ಭುತ ಎಂದು ಹೊಗಳುವುದುಂಟು. ನನಗೆ ಬೆರಗು ಹುಟ್ಟಿಸುವುದು ಅದರ ಸಂಯಮ. ಸಣ್ಣ ಕೋಣೆಯೊಳಗೆ ಒಂದೇ ಮೀಥೇನನ್ನು ಕರೆದು, ಕೆಲಸ ಮುಗಿಯುತ್ತಲೇ ಮೆಥನಾಲನ್ನು ಹೊರಗೆ ಕಳಿಸಿಬಿಡುತ್ತದೆ. ಮುಂದಿನ ಹಂತ ಬೇರೆ ಕಿಣ್ವದ ಕೈಯಲ್ಲಿ, ಅದರ ಮುಂದಿನದು ಇನ್ನೊಂದರ ಕೈಯಲ್ಲಿ. ಬ್ಯಾಕ್ಟೀರಿಯಾ ಕೂಡ ಕೊನೆಗೆ ಬಹಳಷ್ಟನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಆದರೆ ಮೆಟ್ಟಿಲಿಳಿದು; ಬೆಂಕಿಯ ಹಾಗೆ ಮಾಳಿಗೆಯಿಂದ ಧುಮುಕಿ ಅಲ್ಲ. ಇದನ್ನು ಅನುಕರಿಸಲು ಹೊರಟಿರುವ ರಸಾಯನಜ್ಞರು ಹೆಚ್ಚು ಬಿರುಸಾದ ಕ್ರಿಯಾವರ್ಧಕವನ್ನು ಹುಡುಕಿದಷ್ಟೇ ಆಸ್ಥೆಯಿಂದ, ಹುಟ್ಟಿದ ಮೆಥನಾಲನ್ನು ಆ ಕ್ಷಣವೇ ಪಾರು ಮಾಡುವ ದಾರಿಯನ್ನೂ ಹುಡುಕಬೇಕು ಎಂದು ನನ್ನ ಎಣಿಕೆ.

ಬಿರುಸಿಗೇನೂ ಕೊರತೆಯಿಲ್ಲ. 1960ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲೆಂಡ್‌ನಲ್ಲಿದ್ದ ಜಾರ್ಜ್ ಓಲಾ ಅವರ ಪ್ರಯೋಗಾಲಯದಲ್ಲಿ, ಕ್ರಿಸ್‌ಮಸ್ ಕೂಟದಲ್ಲಿ ಉಳಿದ ಮೇಣದಬತ್ತಿಯ ತುಂಡನ್ನು ಒಬ್ಬ ಸಂಶೋಧಕರು ಕುತೂಹಲಕ್ಕೆ ಅತಿಪ್ರಬಲ ಆಮ್ಲವೊಂದಕ್ಕೆ ಹಾಕಿದರು. ಪ್ಯಾರಾಫಿನ್ ಕರಗಿಹೋಯಿತು. ಸರಪಳಿ ತುಂಡಾಗಿ, ಮರುಜೋಡಣೆಯಾಗಿ ಟರ್ಷಿಯರಿ ಬ್ಯೂಟೈಲ್ ಕ್ಯಾಟಯಾನ್ ಆಗಿತ್ತು. ಆ ಆಮ್ಲಕ್ಕೆ ‘ಮ್ಯಾಜಿಕ್ ಆ್ಯಸಿಡ್’ ಎಂದೇ ಹೆಸರಾಯಿತು. ಓಲಾ ಅವರಿಗೆ 1994ರಲ್ಲಿ ನೊಬೆಲ್ ಬಂತು. ಆಮ್ಲಕ್ಕೆ ಜಗ್ಗದು ಎಂದು ಹೆಸರು ಪಡೆದ ಮೇಣವನ್ನೇ ಆಮ್ಲ ತಿಂದುಹಾಕಿತು.

ನನ್ನ ವಾದಕ್ಕೆ ಎದುರು ನಿಲ್ಲುವ ಒಂದು ಸಾಕ್ಷಿಯನ್ನು ಮುಚ್ಚಿಡಬಾರದು. ಜೀವಲೋಕ ಆಲ್ಕೇನುಗಳನ್ನು ಅವುಗಳ ಸುಮ್ಮನಿರುವ ಗುಣಕ್ಕಾಗಿಯೇ ಸಾಕಿದೆ. ಎಲೆಕೋಸಿನ ಎಲೆಯ ಮೇಲೆ ಬೆರಳಾಡಿಸಿದರೆ ಬೂದಿಯಂತೆ ಅಂಟುವ ಮೇಣದಲ್ಲಿ 29 ಇಂಗಾಲದ ನೊನಾಕೊಸೇನ್ ಧಾರಾಳವಾಗಿದೆ. ನೀರು ಅದನ್ನು ತೊಳೆಯಲಾರದು, ಗಾಳಿ ಕೆಡಿಸಲಾರದು. ಇರುವೆಗಳು ಎದುರಾದಾಗ ಮೀಸೆ ತಾಗಿಸಿ ಓದಿಕೊಳ್ಳುವುದು ಪರಸ್ಪರರ ಮೈಮೇಲಿನ ಉದ್ದ ಹೈಡ್ರೋಕಾರ್ಬನ್ನುಗಳ ಮಿಶ್ರಣವನ್ನು. ಮಿಶ್ರಣ ಹೊಂದಿದರೆ ನಮ್ಮ ಗೂಡಿನವಳು, ಇಲ್ಲವಾದರೆ ಪರಕೀಯಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಸಂಗಡಿಗರು ಬಹುಕಾಲದಿಂದ ಅಧ್ಯಯನ ಮಾಡುತ್ತಿರುವ ರೊಪಾಲಿಡಿಯ ಮಾರ್ಜಿನೇಟ ಕಣಜದಲ್ಲಿ, ರಾಣಿ ಹೊಟ್ಟೆಯನ್ನು ಗೂಡಿಗೆ ಉಜ್ಜಿ ತನ್ನ ಗ್ರಂಥಿಯ ಹೈಡ್ರೋಕಾರ್ಬನ್ನುಗಳನ್ನು ಬಳಿಯುತ್ತಾಳೆ. ರಾಣಿ ಇದ್ದಾಳೆ ಎಂಬ ಡಂಗುರ ಅದು. ಬೇಗ ಬದಲಾಗುವ ವಸ್ತುವಿನಲ್ಲಿ ಗುರುತಿನ ಚೀಟಿ ಬರೆಯಲಾದೀತೇ? ಹಾಗಾಗಿ ‘ನಂಟು ಕಡಿಮೆ’ ಎಂದ ರೈಖೆನ್‌ಬಾಖ್ ಸುಳ್ಳಾಡಿದರು ಎನ್ನಲಾರೆ. ಕೆಂಪು ಶಾಯಿಯ ಆ ಒಂದು ಪದವನ್ನು ಸೇರಿಸಿ ಓದಬೇಕು, ಅಷ್ಟೇ.

ಗದ್ದೆಯ ಬ್ಯಾಕ್ಟೀರಿಯಾದ ಬಾಯಿಗೆ ಸಿಗದೆ ಭತ್ತದ ಪೈರಿನ ಟೊಳ್ಳು ಕಾಂಡದೊಳಗಿಂದಲೇ ಏರಿ ಹೋದ ಮೀಥೇನ್, ದನ ಮೆಲುಕು ಹಾಕುತ್ತ ತೇಗಿದ ಮೀಥೇನ್, ಬಾವಿಗಳಿಂದ ಸೋರಿದ ಮೀಥೇನ್, ಎಲ್ಲ ಸೇರಿ ವಾತಾವರಣದಲ್ಲಿ ಈಗ ಹತ್ತು ಲಕ್ಷಕ್ಕೆ ಸುಮಾರು 1.9 ಪಾಲು. ಕೈಗಾರಿಕಾ ಕ್ರಾಂತಿಗೆ ಮೊದಲು ಇದ್ದದ್ದು ಸುಮಾರು 0.7. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಸರಾಸರಿ ಹತ್ತು ವರ್ಷ ಹೀಗೇ ಅಲೆಯುತ್ತದೆ, ಸುತ್ತಲೂ ಆಮ್ಲಜನಕವಿದ್ದರೂ ಮುಟ್ಟದೆ. ಕೊನೆಗೊಂದು ದಿನ, ಹೆಚ್ಚಾಗಿ ನಮ್ಮಂಥ ಉಷ್ಣವಲಯದ ಆಕಾಶದಲ್ಲಿ, ಬಿಸಿಲು ಓಝೋನನ್ನು ಒಡೆದು ನೀರಾವಿಯಿಂದ ಹುಟ್ಟಿಸಿದ ಒಂದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎದುರಾಗಿ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಅಲ್ಲಿಂದ ಮೀಥೈಲ್, ಫಾರ್ಮಾಲ್ಡಿಹೈಡ್, ಕಾರ್ಬನ್ ಮೊನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್. ಹೊರಡಲು ಹತ್ತು ವರ್ಷ ತೆಗೆದುಕೊಂಡದ್ದು, ಹೊರಟ ಮೇಲೆ ದಾರಿ ಮುಗಿಸಲು ಕೆಲವೇ ತಿಂಗಳು.